ಸೀಟಿಗೆ ಅಪ್ಪನಿಲ್ಲ

ರಾಯಬಂದರದ ಫೆರಿ ಕಟ್ಟೆಯ ಮೇಲೊಂದು ಬಾಡಿಗೆ ಕೋಣೆ.
ಹನ್ನೊಂದು ದಾಟಿದರೆ ಫ್ಯಾನಿನ ಏದುಸಿರೂ ನನ್ನದೇ ಅನ್ನಿಸುತ್ತದೆ.
ಬರೆಯಬೇಕಾದ್ದು ಇಷ್ಟೇ: ಬಸ್ಸು, ಫೆರಿ, ಪೈಲಟ್.
ಪೈಲಟ್ ಅಂದರೆ ಇಲ್ಲಿ ವಿಮಾನದವನಲ್ಲ,
ಹಳದಿ ಮಡ್‌ಗಾರ್ಡಿನ ಬೈಕಿನಲ್ಲಿ
ಹಿಂದೆ ಕೂರಿಸಿಕೊಂಡು ಒಯ್ಯುವ ಪುರ್ಸೊ.
ಮೂವರಿಗೂ ಸೀಟಿ ಊದಲು ಬರಬೇಕು,
ಚಿಲ್ಲರೆ ಕೊಡಲು, ತಡವಾದರೆ ನೆವ ಹೇಳಲು.

ಮೊದಲು ಒಬ್ಬ ಅಪ್ಪನನ್ನು ಹುಟ್ಟಿಸಿದೆ.
ವಾಹನ ಅಂತ ಹೆಸರಿಟ್ಟು
ಇದ್ದಬದ್ದ ವಿದ್ಯೆಯನ್ನೆಲ್ಲ ಅವನ ತಲೆಗೇ ಕಟ್ಟಿದೆ.
ಬೆಳಗ್ಗೆ ಓಡಿಸಿ ನೋಡಿದರೆ
ಪುರ್ಸೊನ ಬೈಕು ಪಣಜಿಯ ನಡುರಸ್ತೆಯಲ್ಲಿ
ಕಬ್ಬಿಣದ ಹಲಗೆ ಇಳಿಸಿ
ಕಾರುಗಳೇ ಹತ್ತಿಕೊಳ್ಳಿ ಅನ್ನುತ್ತಿತ್ತು.

ಅಪ್ಪನ ಆಸ್ತಿ ಹಾಗೇ, ಬೇಡವೆಂದರೂ ಪಾಲಿಗೆ ಬರುತ್ತದೆ.
ಜಾವಾಸ್ಕ್ರಿಪ್ಟಿನಲ್ಲಿ ಇನ್ನೊಬ್ಬನನ್ನು ಹುಡುಕುವಂತೆಯೂ ಇಲ್ಲ,
ಒಂದು ಕ್ಲಾಸಿಗೆ ಒಬ್ಬನೇ.

ಅಳಿಸಿಹಾಕಿದೆ ಅವನನ್ನು.
ಸೀಟಿಯನ್ನು ಬೇರೆ ಬರೆದೆ, ಚಿಲ್ಲರೆಯನ್ನು ಬೇರೆ.
ಹುಟ್ಟಿಲ್ಲ, ಕುಲವಿಲ್ಲ, ಬರೀ ಕಸುಬು;
ಯಾರ ಬಾಯಿಗಿಟ್ಟರೆ ಅವರ ಉಸಿರು.
ಅದರೊಳಗಿನ 'ದಿಸ್' ಎಂಬ ಪದ
ಮಾಂಡವಿಯ ಮೇಲೆ ಫೆರಿ, ಡಾಂಬರಿನ ಮೇಲೆ ಬಸ್ಸು.
ಸ್ವಂತಕ್ಕೊಂದು ಮೈಯಿಲ್ಲದ 'ನಾನು'.

ಎರಡು ದಿನ ಹಿಗ್ಗಿ ತಿರುಗಿದೆ. ಇನಾಸನಿಗೂ ತೋರಿಸಿದೆ.
ಫೆರಿಯ ಹಲಗೆ ಇಳಿಸುವವನು ಅವನು.
ಕಣ್ಣು ಕಿರಿದು ಮಾಡಿ ನೋಡಿದ:
"ನನ್ನ ಸೀಟಿಯೂ ನನ್ನದಲ್ಲ ಬಾಯ್,
ಯಾವನೋ ಕಂಡಕ್ಟರ್ ಮರೆತು ಇಳಿದದ್ದು."

ಮೂರನೆಯ ದಿನ ಬಸ್ಸು ನಿಲ್ಲಲಿಲ್ಲ.
ಹಗ್ಗ ಎಸೆಯಿತು.
ಫೆರಿಯಿಂದ ಎತ್ತಿ ತಂದ ಸೀಟಿಯ ಬಾಲಕ್ಕೆ
ಇನ್ನೊಂದು 'ನಿಲ್ಲು' ಅಂಟಿಕೊಂಡಿತ್ತು, ನಾನು ಕಂಡಿರಲಿಲ್ಲ.
ಒಂದೇ ಹೆಸರಿನವು ಎರಡು ಕೂಡಿದರೆ
ಆಮೇಲೆ ಬೆರೆತದ್ದು ಮೊದಲಿನದನ್ನು ನುಂಗುತ್ತದೆ.
ಕೆಂಪಕ್ಷರದ ದೂರಿಲ್ಲ. ಒಂದು ಗೊಣಗೂ ಇಲ್ಲ.

ಆ ರಾತ್ರಿ ಗದಗಿನಿಂದ ಗಂಗಕ್ಕನ ಫೋನು.
ಹಲ್ಲುನೋವು, ಗಿರಣಿಯವನ ಜಗಳ, ಯಾರದೋ ಸೀಮಂತ.
ಇಡುವಾಗ 'ಬರ್ತೇನಿ' ಅನ್ನಲು ಬಾಯಿ ತೆರೆದೆ,
'ಯೆತಾಂ' ಬಂತು.
"ಏನಂದಿ?" ಅಂದಳು.

ಎರಡೂ ಒಂದೇ ಕೆಲಸದವು,
ಹೋಗುವಾಗ ಬರುತ್ತೇನೆ ಅನ್ನುವವು.
ಯಾವುದೂ ಮುರಿದಿಲ್ಲ, ಎಲ್ಲ ಓಡುತ್ತಿದೆ.
ಆದರೂ ಫೋನು ಕೈಯಲ್ಲೇ ಹಿಡಿದು
ಹಳೆಯದನ್ನು ಒಂದು ಸಲ
ಗೋಡೆಗೆ ಹೇಳಿ ನೋಡಿದೆ.

ಕೆಳಗೆ ಚೋಡಣಕ್ಕೆ ಕೊನೆಯ ಫೆರಿ.
ಇನಾಸ್ ಸೀಟಿ ಊದಿದ,
ಅಥವಾ ಆ ಕಂಡಕ್ಟರ್.