ಪ್ರಧಾನ ಕಚೇರಿ

ಹಾಸನದ ನೋಂದಣಿ ಕಚೇರಿ, ನಾಲ್ಕನೇ ಕಿಟಕಿ.
ಆ ಹುಡುಗಿ ಕೇಳಿದಳು:
'ಮೊಹರಿನಲ್ಲಿ ಅರಸೀಕೆರೆ ಶಾಖೆ ಅಂತಿದೆ ಸಾರ್.
ಯಾವುದರ ಶಾಖೆ? ಮೇನ್ ಆಫೀಸು ಎಲ್ಲಿ?
ಕಾಲಂ ಖಾಲಿ ಬಿಡೋ ಹಾಗಿಲ್ಲ.'

ಎಪ್ಪತ್ತೆಂಟು ವರ್ಷ ಯಾರೂ ಕೇಳಿರಲಿಲ್ಲ.
ನಾನೂ ಕೇಳಿರಲಿಲ್ಲ, ಹದಿನೇಳು ವರ್ಷ
ಖಜಾಂಚಿಯಾಗಿ ಇದೇ ಮೊಹರು ಒತ್ತುತ್ತ ಬಂದವನು.

ಬೆಂಚಿನ ಮೇಲೆ ಕೂತು ನಡಾವಳಿ ಪುಸ್ತಕ ಬಿಚ್ಚಿದೆ.
ಮೊದಲ ಪುಟ ಪೆನ್ಸಿಲಿನದು, ಹೊಲಿಗೆಯಲ್ಲಿ ಇನ್ನೂ ಮರಳು:
'ಬಸ್ರಾ. ಹದಿನಾಲ್ಕನೇ ಗುಡಾರ. ಭಾನುವಾರ.
ಕನ್ನಡ ಬಲ್ಲ ಇಪ್ಪತ್ತಾರು ಜನ ಸೇರಿ
ತಿಂಗಳಿಗೆ ತಲೆಗೆ ನಾಲ್ಕಾಣೆ ಎಂದು ನಿಶ್ಚಯಿಸಿದೆವು,
ಹಿಂತಿರುಗದವನ ಮನೆಗೆ.
ಹಾಜರು: ಮರುಳಸಿದ್ದಯ್ಯ, ಕಣಕಟ್ಟೆ. ಅಬ್ದುಲ್ ಬಾಸಿತ್, ಬಾಣಾವರ.
ದೊರೆರಾಜ್, ರೈಲ್ವೆ ಕಾಲೊನಿ...'
ಉಳಿದ ಹೆಸರುಗಳ ಮೇಲೆ ಚಹಾ ಚೆಲ್ಲಿದೆ.

ಡಬ್ಬ ಬಿಸ್ಕತ್ತಿನದು. ಮುಚ್ಚಳಕ್ಕೆ ಸೀಳು ಕೊರೆದವನು ಬಾಸಿತ್,
ಬಯೊನೆಟ್ಟಿನಿಂದ, ಎಡಗೈಗೆ ಮೂರು ಹೊಲಿಗೆ ಹಾಕಿಸಿಕೊಂಡು.
ಆ ಯುದ್ಧದಲ್ಲಿ ಅವನಿಗಾದ ಗಾಯ ಅದೊಂದೇ.
ಈಗಲೂ ಅಲುಗಿಸಿದರೆ ತಳದಲ್ಲೊಂದು
ಹೂವಂಚಿನ ಫಿಲ್ಸ್ ನಾಣ್ಯ ಉರುಳುತ್ತದೆ.
ಯಾವ ಅಂಗಡಿಯಲ್ಲೂ ನಡೆಯದು;
ಪ್ರತಿ ಮಾರ್ಚಿಯಲ್ಲಿ ನಗದು ಶಿಲ್ಕಿಗೆ ಸೇರಿಸಿಯೇ ಬರೆಯುತ್ತೇವೆ.

ಮೊದಲ ತಕರಾರು ಆ ಗುಡಾರದಲ್ಲೇ:
ಗಂಡಸಿಯ ಬೋರ ಭೇದಿಗೆ ಸತ್ತ. ಗುಂಡು ತಿನ್ನಲಿಲ್ಲ.
ಹಣ ಸಲ್ಲುತ್ತದೆಯೇ?
ಎರಡು ಭಾನುವಾರ ಜಗಳ. ಕೊನೆಗೆ ಮರುಳಸಿದ್ದಯ್ಯನ ಅಕ್ಷರ:
'ಸಾವಿಗೆ ಜಾತಿ ನೋಡತಕ್ಕದ್ದಲ್ಲ.'
ಪರ ಹದಿನಾಲ್ಕು. ವಿರುದ್ಧ ಹನ್ನೊಂದು.

ನಲವತ್ತಾರರಲ್ಲಿ ಡಬ್ಬ ರೈಲಿನಲ್ಲಿ ಬಂತು.
ಜೊತೆಗೆ ಇಳಿದವರು ಒಂಬತ್ತು ಜನ.
ಗೂಡ್ಸ್ ಶೆಡ್ಡಿನ ಹಿಂದೆ, ಕೊಬ್ಬರಿ ಮೂಟೆಗಳ ಮೇಲೆ ಸಭೆ.
ಬೋರನ ಹೆಂಡತಿ ಕೆಂಚಮ್ಮ ಹೆಬ್ಬೆಟ್ಟು ಒತ್ತಿ
ಹನ್ನೊಂದು ರೂಪಾಯಿ ಒಯ್ದಳು.
ಮರುವರ್ಷ ಅದೇ ಪುಟದ ಕೆಳಗೆ ಅದೇ ಹೆಬ್ಬೆಟ್ಟು,
ಎದುರಿಗೆ: ಜಮಾ, ಒಂದು ರೂಪಾಯಿ, 'ಯಾರಿಗಾದರೂ'.

ಐವತ್ಮೂರರಲ್ಲಿ ದೊರೆರಾಜ್ ಡಬ್ಬಕ್ಕೆ ಕೈ ಹಾಕಿದ.
ಮಗಳ ಮದುವೆಗೆ ನಲವತ್ತು.
'ಕಳವು' ಎಂದು ಬರೆದು, ಹೊಡೆದುಹಾಕಿ,
ಮೇಲೆ 'ಸಾಲ' ಎಂದು ತಿದ್ದಿದೆ. ಬೇರೆ ಶಾಯಿ, ಅದೇ ಕೈ.
ತೀರಲು ಆರು ವರ್ಷ ಹಿಡಿಯಿತು.
ನಡುವೆ ಆಣೆ ಹೋಗಿ ನಯೇ ಪೈಸೆ ಬಂತು.
ಅಷ್ಟೂ ವರ್ಷ ಖಜಾಂಚಿ ಅವನೇ.

ಅರವತ್ತೆರಡು, ಅರವತ್ತೈದು, ಎಪ್ಪತ್ತೊಂದು.
ಈ ಪುಟಗಳನ್ನು ನಾನು ಬೇಗ ತಿರುವುತ್ತೇನೆ.

ಎಂಬತ್ತೇಳರ ಕೊನೆಯಲ್ಲಿ ನಾನೇ ಸಿಗುತ್ತೇನೆ:
'ಸಿಪಾಯಿ ಕರಿಸಿದ್ದ, ಜಾಫ್ನಾ, ಬಲಗೈಯ ಎರಡು ಬೆರಳು.
ಬೆಂಗಳೂರಿನ ಆಸ್ಪತ್ರೆಗೆ ಬಸ್ ಚಾರ್ಜು, ಹೋಗಿಬರಲು.'
ಅಷ್ಟೇ. ಬಾಸಿತ್ ತಾತ ನೋಟು ಎಣಿಸುತ್ತ
ನನ್ನ ಕೈ ನೋಡದೆ ಕೇಳಿದ ಮಾತು ಪುಸ್ತಕದಲ್ಲಿಲ್ಲ:
'ಅಲ್ಲಿ ನೀರು ಹೆಂಗಪ್ಪ? ನಮ್ಮಲ್ಲಿ ಬರೀ ಉಪ್ಪು.'
ಬಾಣಾವರದ ಬಾವಿ ಸಿಹಿನೀರಿನದು.
ಊರು ಸೇರಿ ನಲವತ್ತೊಂದು ವರ್ಷವಾಗಿತ್ತು.
ಬಸ್ರಾ ಅವನಿಗೆ ಇನ್ನೂ 'ನಮ್ಮಲ್ಲಿ'.

ಮತ್ತೆ ಹಿಂದಕ್ಕೆ ಹೋದೆ, ನಲವತ್ತೇಳಕ್ಕೆ, ನಿರ್ಣಯ ಮೂರಕ್ಕೆ.
ನೂರು ಸಲ ಕಣ್ಣಾಡಿಸಿದ್ದೆ, ಓದಿರಲಿಲ್ಲ:
'ಮೊಹರು ಮಾಡಿಸತಕ್ಕದ್ದು. ಶಾಖೆ ಎಂದು ಕೆತ್ತಿಸತಕ್ಕದ್ದು,
ಸದಸ್ಯರಲ್ಲಿ ಹೆಚ್ಚಿನವರು ಅಲ್ಲೇ ಇರುವ ಕಾರಣ.'

ಕಿಟಕಿಗೆ ಮರಳಿ ಬರೆದುಕೊಟ್ಟೆ:
ಹದಿನಾಲ್ಕನೇ ಗುಡಾರ, ಬಸ್ರಾ.
ಹುಡುಗಿ ಓದಿದಳು, ನನ್ನ ಮುಖ ನೋಡಿದಳು, ಕೈ ನೋಡಿದಳು,
ಟೈಪು ಮಾಡಿದಳು.
'ಪಿನ್ ಕೋಡ್ ಕೇಳ್ತಿದೆ ಸಾರ್.'
'ಅರಸೀಕೆರೆಯದೇ ಹಾಕಮ್ಮ' ಎಂದೆ.
ಪರದೆಯ ಮೇಲೆ ಚಕ್ರ ಸ್ವಲ್ಪ ಹೊತ್ತು ಸುತ್ತಿತು,
ಆಮೇಲೆ ಒಪ್ಪಿಕೊಂಡಿತು.