ಟಾರ್ಪಾಲಿನ ಮೇಲೆ ಏಳು

ಇಲವಾಲದ ಆಚೆ, ಮುಚ್ಚಿದ ಮೈದಾನದ ಶೆಡ್ಡಿನಲ್ಲಿ
ಚೆಂಗಪ್ಪನವರು ನೀಲಿ ಟಾರ್ಪಾಲು ಹಾಸಿ
ಏಳನ್ನೂ ಸಾಲಾಗಿ ಮಲಗಿಸಿದ್ದರು,
ಹೆರಿಗೆ ವಾರ್ಡಿನ ಕೂಸುಗಳ ಹಾಗೆ.
"ಗನ್ನು ಅನ್ನಬೇಡಿ" ಎಂದರು ಮೊದಲೇ.
"ಮಾರ್ಕರ್ ಅನ್ನಿ. ಮಂಡಿಚಿಪ್ಪು ಸವೆದಿರುವುದು ನನಗೆ,
ಇವಕ್ಕಲ್ಲ."

ನನ್ನ ಕೈಚೀಲದಲ್ಲಿ ಚೀಟಿ ಎತ್ತಿದ ದುಡ್ಡು,
ಮದ್ದೂರಿನ ಹತ್ತಿರ ಗುತ್ತಿಗೆಗೆ ಹಿಡಿದ
ಹಳೇ ಇಟ್ಟಿಗೆ ಗೂಡಿನ ನಕ್ಷೆ.
ಪಕ್ಕದಲ್ಲಿ ಜವರಾಯಿ,
ಮಂಡ್ಯದ ಗುತ್ತಲು ರಸ್ತೆಯಲ್ಲಿ ಔಷಧಿ ಹೊಡೆಯುವ ಪಂಪುಗಳಿಗೆ
ಮೂವತ್ತು ವರ್ಷ ವಾಷರ್ ಹಾಕಿದವನು.
ಪೇಂಟ್‌ಬಾಲ್ ಎಂದರೇನೆಂದು ಬಸ್ಸಿನಲ್ಲಿ ಹೇಳಿದ್ದೆ:
ಗಾಳಿ ತುಂಬಿದ ಸಿಲಿಂಡರ್, ಕೊಳವೆ, ಬಣ್ಣದ ಗುಳಿಗೆ.
"ಅಂಗಾರೆ ಪಂಪೇಯ ಬುಡವ್ವ" ಅಂದಿದ್ದ.

ಕಣ್ಣು ಮೊದಲು ಹೋದದ್ದು ಕೊನೆಯದರ ಮೇಲೆ.
ನವಿಲುಗತ್ತಿನ ಬಣ್ಣ, ಪುಟ್ಟ ಪರದೆ, ಬ್ಯಾಟರಿ,
ಸೆಕೆಂಡಿಗೆ ಹದಿನೈದಂತೆ.
ಎತ್ತಿ ಹಿಡಿದು ಒಂದು ಗಳಿಗೆ
ನಾನು ಬೇರೆ ಯಾರೋ ಆಗಿದ್ದೆ.
"ಇದು ಕೆಟ್ರೆ ಯಾರ್ ತಾವ ಹೋಗದು?" ಜವರಾಯಿ ಕೇಳಿದ.
ಚೆಂಗಪ್ಪನವರು ಮೀಸೆ ಸವರಿಕೊಂಡರು.
"ಪಾರ್ಟು ಸಮುದ್ರ ದಾಟಿ ಬರಬೇಕು."
ವಾಪಸ್ಸು ಇಟ್ಟೆ. ಇಟ್ಟ ಮೇಲೂ ಅಂಗೈ ಬಿಸಿ.

ಆಮೇಲೆ ಅವನು ಕೇಳಿದ್ದು ಒಂದು ಬಕೆಟ್ಟು ನೀರು,
ಬಟ್ಟೆ ಸೋಪಿನ ಚೂರು.
ಗಾಳಿ ಕೊಟ್ಟು ಒಂದೊಂದರ ಕುತ್ತಿಗೆಗೂ ನೊರೆ ಸವರಿದ.
ಒಂದನೆಯದಕ್ಕೆ ಗಾಳಿಯೇ ಏರಲಿಲ್ಲ.
ಎರಡನೆಯದು ಗುಳುಗುಳು ಅಂದಿತು.
ಐದನೆಯದು ತಡೆದು, ನಾಚಿ,
ಒಂದೇ ಒಂದು ಗುಳ್ಳೆ ಬಿಟ್ಟಿತು.
"ಇದೇ ನೋಡು ಕಳ್ಳ.
ಸೋರ್ತೀನಿ ಅಂತ ಒಪ್ಕಂಡದ್ನ ರಿಪೇರಿ ಮಾಡ್ಬೌದು,
ಇದ್ನಲ್ಲ."

ಮೂರನೆಯದರ ಮೈತುಂಬ ಗೀಚು,
ಯಾವುದೋ ಕಾಲೇಜಿನ ಹುಡುಗರು ಮೊಳೆಯಲ್ಲಿ ಕೊರೆದ
ಒಂದು ಹೃದಯ, ಅರ್ಧ ಬೈಗುಳ.
ಕಪ್ಪು, ತೂಕ, ಟಿಲ್ಲರಿನ ಹಿಡಿಯಂಥ ಹಿಡಿ.
ನಾಲ್ಕು ಸ್ಕ್ರೂ ಬಿಚ್ಚಿದರೆ ಹೊಟ್ಟೆಯೆಲ್ಲ ಹೊರಗೆ:
ಸ್ಪ್ರಿಂಗು, ಸುತ್ತಿಗೆ, ಮೂರು ರಬ್ಬರ್ ಉಂಗುರ.
ಜವರಾಯಿ ಒಂದನ್ನು ಕಿರುಬೆರಳಿಗೆ ಹಾಕಿ
ಮದುವೆ ಗಂಡಿನಂತೆ ಬೀಗಿದ.
"ನಮ್ ಪಂಪಿಂದೇ ಅಳತೆ. ನಾಕ್ ರೂಪಾಯಿ."

ಮಣ್ಣಿಗೆ ಹಾಕಿದ, ಕಾಲಲ್ಲಿ ಹೊರಳಿಸಿದ, ಎತ್ತಿದ, ಒರೆಸಲಿಲ್ಲ.
ಗೋಡೆಗೆ ನೂರು ಹೊಡೆದ, ಎಣಿಸುತ್ತಾ.
ಆಷಾಢದ ಶೀತಕ್ಕೆ ಊದಿದ ಗುಳಿಗೆಗಳು
ಎರಡು ಒಳಗೇ ಒಡೆದವು. ಕೋಲಿಗೆ ಬಟ್ಟೆ ಸುತ್ತಿ ತಿಕ್ಕಿದರೆ
ಮತ್ತೆ ಶುರು, ಮುನಿಸಿಲ್ಲದೆ.

ಅಷ್ಟಾದರೂ ಒಂದು ಉಳಿದಿತ್ತು.
ವೇಗ ಅಳೆಯುವ ಯಂತ್ರದಲ್ಲಿ ಚೆಂಗಪ್ಪನವರು ಅಂಕಿ ತೋರಿಸಿದರು,
ಸರಿಯಾಗೇ ಇತ್ತು.
ಆದರೆ ನನ್ನ ಗೂಡಿಗೆ ಬರುವವರು
ಪರೀಕ್ಷೆ ಮುಗಿಸಿದ ಮಕ್ಕಳು, ಸಕ್ಕರೆ ಕಾರ್ಖಾನೆಯ ಸಂಘದವರು,
ಮದುವೆಯಾದ ಮೇಲೆ ಮೊದಲ ಸಲ ಓಡುವ ಅಕ್ಕಂದಿರು.
ಅಂಕಿಗೆ ಚರ್ಮ ಇಲ್ಲ.
ಮುಖವಾಡ ಬಿಗಿದು, ಇಪ್ಪತ್ತು ಹೆಜ್ಜೆ ನಡೆದು
ಬೆನ್ನು ಕೊಟ್ಟು ನಿಂತೆ. "ಹೊಡಿ."

ಜವರಾಯಿ ಹೊಡೆಯಲಿಲ್ಲ,
ಬಹಳ ಹೊತ್ತು. ಸೀಬೆ ಮರದಲ್ಲಿ ಗಿಳಿಗಳ ಜಗಳ.
"ನಮ್ಮಪ್ಪ ಬನ್ನೂರು ಕುರಿ ಬೆನ್ನಿಗೆ ಕೆಮ್ಮಣ್ಣು ಬಳೀತಿದ್ದ,
ಮಂದೇಲಿ ತಪ್ಪುಸ್ಕಬಾರ್ದು ಅಂತ" ಎಂದ,
ಯಾರಿಗೆ ಹೇಳಿದನೋ.
"ಅದೂ ಗುರ್ತು ಮಾಡದೇ ತಾನೆ."
ಆಮೇಲೆ ಫಟ್.

ಉರಿಯಿತು. ಚೇಳಿನಷ್ಟಲ್ಲ,
ಒಗ್ಗರಣೆಯ ಸಾಸಿವೆ ಸಿಡಿದಷ್ಟು,
ಸ್ವಲ್ಪ ದೊಡ್ಡ ಸಾಸಿವೆ.
ಸೊಂಟದ ತನಕ ಹಳದಿ ಇಳಿಯಿತು.
"ಬದುಕಿದ್ದೀರಾ?" ಎಂದರು ಚೆಂಗಪ್ಪನವರು, ನಿಜವಾದ ಗಾಬರಿಯಲ್ಲಿ.
ಇದು ಬೇಕು ಎಂದೆ. ಇದರ ಒಡಹುಟ್ಟಿದವೂ,
ನಾಲ್ಕನೆಯದು, ಆರನೆಯದು.

ಪೆಟ್ಟಿಗೆ ಬಸ್ಸಿನ ಸೀಟಿನ ಅಡಿ ಕೂತಿತು.
ಏನಿದು ಎಂದ ಕಂಡಕ್ಟರಿಗೆ
ಔಷಧಿ ಪಂಪು ಎಂದ ಜವರಾಯಿ, ಕಣ್ಣು ಮಿಟುಕಿಸದೆ.
ಶ್ರೀರಂಗಪಟ್ಟಣದ ಸೇತುವೆ ದಾಟುವಾಗ
ಒರಗಿದರೆ ನೋವು, ಒರಗದಿದ್ದರೆ ನಿದ್ದೆಯಿಲ್ಲ.
ಒರಗಿದೆ.