ರೋಗಿಯ ಪಾತ್ರದಲ್ಲಿ

ನಲವತ್ತು ಯೂರೋ, ಟ್ರಾಮಿನ ಖರ್ಚು ಬೇರೆ.
ಅಷ್ಟಕ್ಕೆ ತಿಂಗಳಿಗೆರಡು ಗುರುವಾರ
ನನಗೆ ಹೊಟ್ಟೆನೋವು ಬರುತ್ತದೆ.
ಚಳಿಗಾಲದಲ್ಲಿ ಹೆಚ್ಚಾಗಿ ನ್ಯುಮೋನಿಯಾ.

ಹಾಲೆ ಊರಿನ ವೈದ್ಯಮಂಡಳಿ, ಮೂರನೆಯ ಮಹಡಿ.
ಹೊರದೇಶದಿಂದ ಬಂದ ಡಾಕ್ಟರುಗಳಿಗೆ
ಭಾಷೆ ಬಂತೋ ಇಲ್ಲವೋ ನೋಡುವ ಕೋಣೆ.
ಒಂದು ಮೇಜು, ನೀರಿನ ಹೂಜಿ, ಮೂವರು ಪರೀಕ್ಷಕರು,
ಗೋಡೆ ಗಡಿಯಾರ.
ಇಪ್ಪತ್ತು ನಿಮಿಷ ನನ್ನೊಡನೆ ಮಾತು,
ಇಪ್ಪತ್ತು ನಿಮಿಷ ಬರವಣಿಗೆ,
ಕೊನೆಗೆ ದೊಡ್ಡ ಡಾಕ್ಟರಿಗೆ ವರದಿ.
ಲ್ಯಾಟಿನ್ ಏನಿದ್ದರೂ ಅಲ್ಲಿ. ನನ್ನ ಹತ್ತಿರ ಮನೆಮಾತು:
ಚುಚ್ಚುತ್ತದೆಯೆ, ಹಿಂಡುತ್ತದೆಯೆ, ಉರಿಯೆ, ಸೆಳೆತವೆ,
ಉಂಡ ಮೇಲೋ, ಉಣ್ಣುವ ಮುಂಚೆಯೋ.

ಇದಕ್ಕೂ ಹಿಂದೆ ಮೂವತ್ತೊಂದು ವರ್ಷ
ನಾಟಕಶಾಲೆಯಲ್ಲಿ ಪ್ರಾಂಪ್ಟರ್ ಆಗಿದ್ದೆ.
ರಂಗದಡಿಯ ಗೂಡಿನಲ್ಲಿ ಕೂತು
ರಾಜರಿಗೆ, ರಾಣಿಯರಿಗೆ, ಕುಡಿದು ಬಂದ ಸೇನಾಪತಿಗೆ
ಮರೆತ ಮಾತು ಎತ್ತಿಕೊಟ್ಟವಳು.
ಈಗಿನ ಕರಾರಿನ ಮೊದಲ ಷರತ್ತೇ
ಎತ್ತಿಕೊಡಕೂಡದು.
ಒಮ್ಮೆ ಸಿರಿಯದ ಹುಡುಗನೊಬ್ಬ ‘ಪಿತ್ತಕೋಶ’ ಹುಡುಕುತ್ತ
ಚಾವಣಿ ನೋಡಿದಾಗ
ನಾಲಿಗೆ ಕಚ್ಚಿಕೊಂಡೆ.
ಆ ಗಾಯ ಯಾವ ಹಾಳೆಯಲ್ಲೂ ಇಲ್ಲ.

ಮಾರ್ಚಿಯ ಗುರುವಾರ ನಾಲ್ಕನೆಯವಳು ಅರ್ವಾ ಅಲ್-ಕದಸಿ.
ಯೆಮೆನ್ ದೇಶ, ತಾಯಿಜ್ ಊರು.
ಹದಿನೇಳು ವರ್ಷ ಎದೆಗೂಡುಗಳಿಗೆ ಕಿವಿಗೊಟ್ಟವಳು;
ಈಗ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ,
ಒರೆಸುವ, ಮಗ್ಗುಲು ತಿರುಗಿಸುವ ಕೆಲಸ.
ಪರೀಕ್ಷೆ ಎರಡನೆಯ ಸಲ.
ಕೋಟಿನ ತೋಳಿನಲ್ಲಿನ್ನೂ ಅಂಗಡಿಯ ನೂಲು.

ನಾನು ಅಂದು ಫ್ರೌ ಕ್ರೆಚ್ಮರ್, ಐವತ್ತೆಂಟು, ಪಿತ್ತದ ಕಲ್ಲು.
ಅವಳು ಕೂತಳು. ಹೆಸರು ಕೇಳಿದಳು.
ಕೇಳುತ್ತಲೇ ಮಣಿಕಟ್ಟು ಹಿಡಿದಳು.
ಹದಿನೇಳು ವರ್ಷದ ಕೈ, ಅದಕ್ಕೆ
ಇದು ಬರೀ ಮಾತಿನ ಪರೀಕ್ಷೆಯೆಂದು ಯಾರು ಹೇಳಬೇಕು?
ಮೂರು ಪೆನ್ನು ಒಟ್ಟಿಗೆ ನಿಂತವು.
‘ನಾಡಿ ಸಾಮಾನ್ಯ, ಹಾಳೆಯಲ್ಲಿದೆ’ ಅಂದರು ನಡುವಿನವರು.
ಬಿಡಲಿಲ್ಲ.
ಗಡಿಯಾರದ ಸಣ್ಣ ಮುಳ್ಳು ನೋಡುತ್ತ ಒಂದು ನಿಮಿಷ.
ಇನ್ನೂ ಒಂದು ನಿಮಿಷ.
ಕಲ್ಲಿನ ಸುದ್ದಿಯೇ ಇಲ್ಲ. ಕೇಳಿದ್ದು
ಮೆಟ್ಟಿಲು ಹತ್ತುವಾಗ? ರಾತ್ರಿ ಎಡಮಗ್ಗುಲಿಗೆ ಮಲಗಿದಾಗ?
ಹಾಳೆಯಲ್ಲಿ ಉತ್ತರವಿರಲಿಲ್ಲ.
ನನ್ನಲ್ಲಿತ್ತು.

ಆಮೇಲೆ ಒಂದು ಪದ ಬೇಕಾಯಿತು ಅವಳಿಗೆ.
ಕಣ್ಣು ಹೋಗಿ ಹೂಜಿಯ ಮೇಲೆ ನಿಂತಿತು.
ಎಷ್ಟಿದ್ದವು ನನ್ನ ಬಾಯಲ್ಲಿ, ಗೂಡಿನ ಹಳೇ ಹೆಂಗಸಿನ ಬಾಯಲ್ಲಿ:
ಎಡವುತ್ತದೆ, ತಾಳ ತಪ್ಪುತ್ತದೆ, ಜಿಗಿಯುತ್ತದೆ.
ಅವಳು ಅಂದಳು,
‘ನಿಮ್ಮ ಹೃದಯ ಕುಂಟುತ್ತಿದೆ, ಅಮ್ಮ.’

ಅಮ್ಮ ಅನ್ನಬಾರದು. ಕುಂಟುವುದು ಕಾಲು.
ಎರಡಕ್ಕೂ ಅಂಕ ಹೋದವು.
ಫಲಿತಾಂಶ ನಮಗೆ ತಿಳಿಸುವುದಿಲ್ಲ, ಆದರೆ ಕಾರಿಡಾರಿನಲ್ಲಿ
ಕೋಟಿನ ಗುಂಡಿ ತಪ್ಪು ಕಾಜಿಗೆ ಹಾಕಿ, ಬಿಚ್ಚಿ,
ಮತ್ತೆ ಅದೇ ತಪ್ಪು ಕಾಜಿಗೆ ಹಾಕಿಕೊಳ್ಳುತ್ತಿದ್ದಳು.
ಅಭ್ಯರ್ಥಿಯೊಡನೆ ಮಾತಾಡಕೂಡದು:
ಎರಡನೆಯ ಷರತ್ತು.

ಹತ್ತು ದಿನ ಬಿಟ್ಟು ಆಸ್ಪತ್ರೆಯಲ್ಲಿ
ಎದೆಗೆ ತಂತಿ ಅಂಟಿಸಿ ಉದ್ದದ ಕಾಗದ ಎಳೆದರು.
‘ಒಳ್ಳೇ ಹೊತ್ತಿಗೆ ಬಂದಿರಿ. ಯಾರು ಗಮನಿಸಿದ್ದು?’
ಅರ್ಜಿಯಲ್ಲೊಂದು ಚೌಕ: ಕಳಿಸಿದ ವೈದ್ಯರು.
ಸಹಿ, ಮೊಹರು, ಪರವಾನಗಿ ಸಂಖ್ಯೆ.
ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ.
ಬರೆದೆ: ಅಭ್ಯರ್ಥಿ ನಾಲ್ಕು.
ನರ್ಸ್ ಅದನ್ನು ಹೊಡೆದುಹಾಕಿ
‘ಸ್ವಂತ ಇಚ್ಛೆ’ ಎಂದು ತಿದ್ದಿದಳು.

ಈಗ ಬೆಳಿಗ್ಗೆ ಅರ್ಧ ಮಾತ್ರೆ, ರಾತ್ರಿ ಅರ್ಧ.
ಗುರುವಾರಗಳಿಗೆ ಇನ್ನೂ ಹೋಗುತ್ತೇನೆ.
ಎದುರಿಗೆ ಯಾರೇ ಬಂದು ಕೂತರೂ ಮೊದಲು
ಬಲಗೈಯನ್ನು ಮೇಜಿನ ಮೇಲೆ
ಅಂಗೈ ಮೇಲೆ ಮಾಡಿ ಚಾಚಿಡುತ್ತೇನೆ.
ಅದು ಎತ್ತಿಕೊಟ್ಟಂತಾಗುವುದಿಲ್ಲ ಎಂದುಕೊಂಡಿದ್ದೇನೆ.
ಇದುವರೆಗೆ ಯಾರೂ ಹಿಡಿದಿಲ್ಲ.
ಭಾಷೆ ಮಾತ್ರ ತುಂಬ ಚೆನ್ನಾಗಿರುತ್ತದೆ.